ಮೈಸೂರಿಗೆ ಹೊರಟ ಬಸ್ಸಿನಲ್ಲಿ ಯಾರ ಮಕ್ಕಳು?

(ಗುಂಡ್ಲುಪೇಟೆಯಲ್ಲಿ ಉಪಾಧ್ಯಾಯರೂ ತಾಯ್ತಂದೆಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾವು ಇಂದು ಆರಿಸಿಕೊಂಡಿರುವ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಶಾಲೆಯ ಮಕ್ಕಳು ಚಿತ್ರ, ಶಿಲ್ಪ, ವಸ್ತುಸಂಗ್ರಹಾಲಯಗಳನ್ನು ನೋಡುವುದಕ್ಕಾಗಿ ಮೈಸೂರಿಗೆ ಹೋಗುವ ಪ್ರವಾಸ, ಇದೇ ನಮ್ಮ ವಿಷಯ. ಅರಿಸಿನಕ್ಕೆ ಒಂದು ವರ್ಷ ಬೆಲೆ ಬಂದರೆ ಎರಡು ವರ್ಷ ಬರುವುದಿಲ್ಲ. ಈರುಳ್ಳಿ ಕಿತ್ತ ಕೂಲಿಯೂ ಗಿಟ್ಟದ ವರ್ಷಗಳನ್ನು ಈ ತಾಲ್ಲೂಕು ಎಷ್ಟೋ ಸಲ ಕಂಡಿದೆ. ಕಾಡಂಚಿನ ಹೊಲಕ್ಕೆ ಆನೆ ಬಂದರೆ ಆರು ತಿಂಗಳ ದುಡಿಮೆ ಒಂದು ರಾತ್ರಿಗೆ ಮುಗಿಯುತ್ತದೆ. ಇಷ್ಟೆಲ್ಲ ಇರುವಾಗ ಪಕ್ಷದವರು ಬಂದು ಚಿತ್ರಪಟದ ಮಾತಾಡುತ್ತಾರಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಕೊಟ್ಟು ಮುಂದೆ ಹೋಗುತ್ತೇವೆ.

ಬಡವನಿಗೆ ಮೊದಲು ಅನ್ನ, ಚಂದವೆಲ್ಲ ಆಮೇಲೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಹೇಳುವವರ ಮನೆಯನ್ನು ಹೋಗಿ ನೋಡಿ. ಅಲ್ಲಿ ಅನ್ನವೂ ಇರುತ್ತದೆ, ಗೋಡೆಯ ಮೇಲೆ ಚಿತ್ರವೂ ಇರುತ್ತದೆ. ಆ 'ಆಮೇಲೆ' ಎಂಬುದು ಬಡವನ ಮನೆಗೆ ಮೂರು ತಲೆಮಾರಾದರೂ ಬರುವುದಿಲ್ಲ. ಮಡಕೆಯ ಕಂಠಕ್ಕೆ ಗೆರೆ ಎಳೆದವರು, ಬಾಗಿಲ ಮುಂದೆ ಸಾರಿಸಿ ರಂಗೋಲಿ ಇಟ್ಟವರು, ಎತ್ತಿನ ಕೊಂಬಿಗೆ ಬಣ್ಣ ಬಳಿದವರು ಹೊಟ್ಟೆ ತುಂಬಿದ ಮೇಲೆ ಅದನ್ನು ಮಾಡಿದರೇ? ಹಸಿವಿನ ಜೊತೆಯಲ್ಲೇ ಮಾಡಿದರು. ಚಂದವನ್ನು ಕಾಣುವ ಕಣ್ಣು ಎಲ್ಲ ಮಕ್ಕಳಿಗೂ ಹುಟ್ಟಿನಿಂದ ಬಂದದ್ದು. ಅದನ್ನು ಕೆಲವರಿಗೆ ಮಾತ್ರ ತೆರೆಸಿ, ಉಳಿದವರಿಗೆ ಮುಚ್ಚಿಸುವುದು ಸಮಾಜದ ಏರ್ಪಾಟು. ಏರ್ಪಾಟನ್ನು ಮನುಷ್ಯರು ಮಾಡಿದ್ದರಿಂದ ಮನುಷ್ಯರು ಬದಲಾಯಿಸಬಹುದು. ಆದ್ದರಿಂದಲೇ ಇದು ಪಕ್ಷದ ವಿಷಯ.

ಈಗ ಪ್ರವಾಸಕ್ಕೆ ಬರೋಣ. ಚಾಮರಾಜನಗರದಿಂದ ಮೈಸೂರಿಗೆ ಸುಮಾರು ೬೦ ಕಿಲೋಮೀಟರು. ಗುಂಡ್ಲುಪೇಟೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಚಾಮರಾಜನಗರಕ್ಕೆ ೧೯೨೬ರಿಂದ ರೈಲು ಇದೆ. ಗುಂಡ್ಲುಪೇಟೆಯವರಿಗೆ ರೈಲಿಲ್ಲ, ಊಟಿಯಿಂದಲೂ ಕೇರಳದಿಂದಲೂ ಬರುವ ಹೆದ್ದಾರಿಗಳುಂಟು. ದೊಡ್ಡವರ ಕಾರುಗಳಿಗೆ ಈ ದಾರಿ ಒಂದು ಗಂಟೆಯ ಮಾತು. ಆದರೆ ನಮ್ಮ ಹಳ್ಳಿಗಳಲ್ಲಿ ಏಳನೆಯ ತರಗತಿ ಮುಗಿಸಿದರೂ ಮೈಸೂರಿನ ಒಂದು ಚಿತ್ರಶಾಲೆಯನ್ನು ನೋಡದ ಮಕ್ಕಳು ಎಷ್ಟಿಲ್ಲ! ಅವರ ಅಪ್ಪಂದಿರು ಮೈಸೂರನ್ನು ಕಂಡದ್ದು ದೊಡ್ಡಾಸ್ಪತ್ರೆಯ ಬಾಗಿಲಲ್ಲಿ, ಇಲ್ಲವೆ ಕಟ್ಟಡದ ಕೂಲಿಗೆ ಹೋದಾಗ. ಆದುದರಿಂದ ದೂರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಕೂಡದು. ಯಾರ ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದರಲ್ಲಿ ಅಳೆಯಬೇಕು.

ಪ್ರವಾಸದ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದು ನಮಗೆ ಮೇಷ್ಟ್ರ ಕುರ್ಚಿಯಲ್ಲಿ ಕುಳಿತು ಗೊತ್ತು. ಇಂಥ ತಾರೀಖಿನೊಳಗೆ ಇಷ್ಟು ಹಣ ತರಬೇಕು ಎಂದು ತರಗತಿಯಲ್ಲಿ ಹೇಳಲಾಗುತ್ತದೆ. ಮಾರನೆಯ ದಿನವೇ ತರುವವರು ಕೆಲವರು. ಅಪ್ಪ ಅವ್ವನನ್ನು ಕಾಡಿ ಬೇಡಿ ವಾರ ಕಳೆದು ತರುವವರು ಕೆಲವರು. ಉಳಿದವರು ಏನೂ ಹೇಳುವುದಿಲ್ಲ. ಅವರು ಸುಮ್ಮನೆ ಹಿಂದಿನ ಸಾಲಿಗೆ ಸರಿಯುತ್ತಾರೆ. ಕೇಳಿದರೆ, "ಬಸ್ಸಲ್ಲಿ ವಾಂತಿಯಾಯ್ತದೆ ಸಾ" ಎನ್ನುತ್ತಾರೆ. "ನಮ್ಮವ್ವ ಬ್ಯಾಡ ಅಂದ್ಲು" ಎನ್ನುತ್ತಾರೆ. ದುಡ್ಡಿಲ್ಲ ಎಂಬ ಮಾತನ್ನು ಹತ್ತು ವರ್ಷದ ಹೈದನೂ ಬಾಯಿಬಿಟ್ಟು ಹೇಳುವುದಿಲ್ಲ. ಮಾನ ಎಂಬುದು ಅಷ್ಟು ಬೇಗ ಅವನಿಗೆ ತಿಳಿದಿರುತ್ತದೆ. ಪ್ರವಾಸದ ದಿನ ಅವನು ಆಡು ಮೇಯಿಸುತ್ತಿರುತ್ತಾನೆ. ಅಪ್ಪ ಅವ್ವ ವಯನಾಡಿನ ಶುಂಠಿ ಹೊಲಕ್ಕೋ ಕೊಡಗಿನ ಕಾಫಿ ತೋಟಕ್ಕೋ ಕೂಲಿಗೆ ಹೋಗಿದ್ದರೆ ಅಜ್ಜಿಯ ಜೊತೆ ಮನೆ ಕಾಯುತ್ತಿರುತ್ತಾನೆ. ಹೆಣ್ಣು ಮಗಳಾದರೆ ದುಡ್ಡಿದ್ದರೂ, "ಅಷ್ಟು ದೂರ ಯಾಕೆ" ಎಂಬ ಮಾತು ಅಡ್ಡ ಬರುತ್ತದೆ. ಕಾಡಂಚಿನ ಹಾಡಿಯ ಸೋಲಿಗರ ಮಗು, ಜೇನುಕುರುಬರ ಮಗು ಪಟ್ಟಿಯ ಮಾತು ಬರುವ ಹೊತ್ತಿಗೆ ಶಾಲೆಯಲ್ಲೇ ಇರುವುದಿಲ್ಲ.

ಹಾಗಾದರೆ ಬಸ್ಸಿನಲ್ಲಿ ಕುಳಿತವರು ಯಾರು? ಅಂಗಡಿಯವರ ಮಕ್ಕಳು, ನೌಕರರ ಮಕ್ಕಳು, ನೀರಾವರಿ ಇರುವ ರೈತರ ಮಕ್ಕಳು. ಅವರ ಮೇಲೆ ನಮಗೆ ದ್ವೇಷವಿಲ್ಲ, ಅವರೂ ನಮ್ಮ ಮಕ್ಕಳೇ. ಆದರೆ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬ ಬಸ್ಸು ಹತ್ತಿ ಒಬ್ಬ ಉಳಿದರೆ, ಆ ದಿನ ಶಾಲೆ ಇಬ್ಬರಿಗೂ ಒಂದೊಂದು ಪಾಠ ಕಲಿಸಿತು. ಒಬ್ಬನಿಗೆ, ಲೋಕ ನಿನ್ನದು ಎಂದು. ಇನ್ನೊಬ್ಬನಿಗೆ, ನಿನ್ನದಲ್ಲ ಎಂದು. ವರ್ಷವಿಡೀ ಸಮಾನತೆಯ ಪಾಠ ಓದಿಸಿ ಒಂದೇ ದಿನದಲ್ಲಿ ಅದನ್ನು ಅಳಿಸಿಹಾಕಿದಂತಾಯಿತು. ಧನಿಕನ ಮಗುವೂ ದರಿದ್ರನ ಮಗುವೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಲೋಹಿಯಾ ಅವರು ಜೀವಮಾನವೆಲ್ಲ ಹೇಳಿದರು. ಒಂದೇ ಶಾಲೆ ಎಂದರೆ ಒಂದೇ ಸೂರು ಮಾತ್ರವಲ್ಲ. ಒಂದೇ ಬಸ್ಸು ಕೂಡ ಎಂದು ನಾವು ಅದಕ್ಕೆ ಸೇರಿಸುತ್ತೇವೆ.

ಇನ್ನು ಹೋದವರ ಪಾಡು. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಬಸ್ಸು ಹತ್ತಿಸುತ್ತಾರೆ. ನಂಜನಗೂಡಿನಲ್ಲಿ ದೇವರಿಗೆ ಕೈಮುಗಿದು, ಚಾಮುಂಡಿಬೆಟ್ಟ, ಮೃಗಾಲಯ, ಅರಮನೆ, ಚರ್ಚು, ಶ್ರೀರಂಗಪಟ್ಟಣ, ಕತ್ತಲಾದ ಮೇಲೆ ಕೃಷ್ಣರಾಜಸಾಗರದ ಕಾರಂಜಿ. ಅರಮನೆಯೊಳಗೆ ಸಾಲಾಗಿ ಒಂದು ಬಾಗಿಲಿಂದ ನುಗ್ಗಿ ಇನ್ನೊಂದು ಬಾಗಿಲಿಂದ ಹೊರಬರುತ್ತಾರೆ. 'ಮುಟ್ಟಬೇಡಿ, ನಿಲ್ಲಬೇಡಿ, ನಡೀರಿ' ಎಂಬ ಮೂರು ಮಾತು ಬಿಟ್ಟು ಬೇರೆ ಮಾತು ಮಗುವಿನ ಕಿವಿಗೆ ಬೀಳುವುದಿಲ್ಲ. ಮನೆಗೆ ಬಂದಾಗ ಏನು ನೋಡಿದೆ ಎಂದರೆ, "ಹುಲಿ ನೋಡ್ದೆ, ಐಸ್‌ಕ್ರೀಮ್ ತಿಂದೆ" ಎನ್ನುತ್ತದೆ. ಮಗುವಿನ ತಪ್ಪೇನೂ ಇಲ್ಲ. ಅದು ನಿಜವಾಗಿ ನೋಡುವುದಕ್ಕೆ ಸಮಯ ಸಿಕ್ಕಿದ್ದು ಅವೆರಡನ್ನೇ.

ನೋಡುವುದು ಹೇಗೆ ಎಂಬುದನ್ನು ಕಲಿಸಬೇಕು. ಅರಮನೆಯನ್ನೇ ತೆಗೆದುಕೊಳ್ಳಿ. ಅಂಬಾರಿಯಲ್ಲಿ ಚಿನ್ನ ಎಷ್ಟು, ದೀಪಗಳೆಷ್ಟು, ಸಿಂಹಾಸನಕ್ಕೆ ಬೆಲೆ ಎಷ್ಟು ಎಂದು ತೂಕದ ಲೆಕ್ಕ ಹೇಳುವವರು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಮೇಷ್ಟ್ರು ಹೇಳಬೇಕಾದ ಲೆಕ್ಕ ಬೇರೆ ಇದೆ. ಹಳೆಯ ಮರದ ಅರಮನೆ ೧೮೯೭ರಲ್ಲಿ ಬೆಂಕಿಗೆ ಆಹುತಿಯಾಯಿತು. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ವಹಿಸಿದರು. ೧೯೧೨ರಲ್ಲಿ ಅದು ಮುಗಿಯಿತು. ಖರ್ಚು ಆ ಕಾಲದ ೪೧ ಲಕ್ಷ ರೂಪಾಯಿಗೂ ಮೇಲೆ. ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಸಾಗರದಾಚೆಯ ಗ್ಲಾಸ್ಗೋ ಪಟ್ಟಣದ ಕಾರ್ಖಾನೆಯಿಂದ ಹಡಗಿನಲ್ಲಿ ಬಂದವು. ಹಣ ಎಲ್ಲಿಂದ ಬಂತು? ಅದು ಹಡಗಿನಲ್ಲಿ ಬರಲಿಲ್ಲ. ರಾಗಿ, ಜೋಳ, ಹುರುಳಿ ಬೆಳೆದವನ ಕಂದಾಯದಿಂದ ಬಂತು.

ಆ ಕಂದಾಯ ಕೊಟ್ಟವರ ಸ್ಥಿತಿ ಹೇಗಿತ್ತು? ೧೮೭೬ರಿಂದ ೭೮ರ ದೊಡ್ಡ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ೫೦ ಲಕ್ಷ ಜನರಲ್ಲಿ ಹತ್ತಿರ ಹತ್ತಿರ ೧೦ ಲಕ್ಷ ಜನ ಇಲ್ಲವಾದರು. ಐದು ಜನರಲ್ಲಿ ಒಬ್ಬರು! ಅದಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ ಅರಮನೆಯ ಅಡಿಗಲ್ಲು ಬಿತ್ತು. ಅದೇ ದಿನಗಳಲ್ಲಿ ಸಂಸ್ಥಾನ ಇಂಗ್ಲಿಷ್ ಸರ್ಕಾರಕ್ಕೆ ವರ್ಷಕ್ಕೆ ೩೫ ಲಕ್ಷ ರೂಪಾಯಿ ಪೊಗದಿ ತೆರುತ್ತಿತ್ತು. ಹದಿನೈದು ವರ್ಷ ಕಟ್ಟಿದ ಅರಮನೆಗೆ ೪೧ ಲಕ್ಷ. ಪರದೇಶದ ದೊರೆಗೆ ಒಂದೇ ವರ್ಷಕ್ಕೆ ೩೫ ಲಕ್ಷ. ಎರಡು ಲೆಕ್ಕವನ್ನೂ ಒಟ್ಟಿಗೆ ಹಲಗೆಯ ಮೇಲೆ ಬರೆದು ತೋರಿಸಿದರೆ ಹನ್ನೆರಡು ವರ್ಷದ ಮಗುವಿಗೂ ಸಾಮ್ರಾಜ್ಯ ಎಂದರೇನು, ಪಾಳೆಯಗಾರಿ ಎಂದರೇನು ಎಂಬುದು ಅರ್ಥವಾಗುತ್ತದೆ.

ಇದನ್ನು ಹೇಳುವುದು ಅರಮನೆಯನ್ನು ಹೀಗಳೆಯುವುದಕ್ಕಲ್ಲ. ಅದು ಸುಂದರವಾದ ಕಟ್ಟಡ, ಆ ಕೆಲಸ ಮಾಡಿದ ಕಲ್ಲುಕುಟಿಗರೂ ಬಡಗಿಗಳೂ ದಂತದ ಕೆಲಸದವರೂ ಮಹಾ ಕಲಾವಿದರು. ಹೀಗಳೆದರೆ ಅವರನ್ನೇ ಹೀಗಳೆದಂತೆ. ನಾವು ಹೇಳುವುದಿಷ್ಟು: ಅದು ನಮ್ಮದು. ನಮ್ಮ ತಾತಂದಿರ ಕಂದಾಯ, ನಮ್ಮವರ ಕೈಕೆಲಸ. ನಮ್ಮ ಮಗು ಅಲ್ಲಿ ಕುಗ್ಗಿ ನಿಲ್ಲಕೂಡದು; ಮನೆಯ ಯಜಮಾನನ ಹಾಗೆ ತಲೆಯೆತ್ತಿ ನೋಡಬೇಕು. ಫ್ರಾನ್ಸಿನಲ್ಲಿ ಕ್ರಾಂತಿಯಾದ ಮೇಲೆ ೧೭೯೩ರಲ್ಲಿ ದೊರೆಗಳ ಲೂವ್ರ್ ಅರಮನೆಯನ್ನು ಜನರ ವಸ್ತುಸಂಗ್ರಹಾಲಯವಾಗಿ ತೆರೆದರು. ಜನ ಅದನ್ನು ಸುಡಲಿಲ್ಲ, ಒಳಗೆ ಹೋಗಿ ನೋಡಿದರು. ನಮ್ಮಲ್ಲೂ ೧೯೪೭ರಲ್ಲಿ ಜವಾಬ್ದಾರಿ ಸರ್ಕಾರ ಬಂತು, ೧೯೭೧ರಲ್ಲಿ ರಾಜಧನ ರದ್ದಾಯಿತು. ದೊರೆತನ ಕಾನೂನಿನಿಂದ ಹೋಯಿತು. ಮಗುವಿನ ಮನಸ್ಸಿನಿಂದ ಅದನ್ನು ತೆಗೆಯುವುದು ಮಾತ್ರ ಮೇಷ್ಟ್ರ ಕೆಲಸ.

ಅದೇ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ದೊಡ್ಡ ದೊಡ್ಡ ಚಿತ್ರಗಳಿವೆ. ಮೈಸೂರಿನ ಕಲಾವಿದರು ಹಲವರು ಕೂಡಿ, ಫೋಟೋಗಳನ್ನು ಮುಂದಿಟ್ಟುಕೊಂಡು, ೧೯೩೪ರಿಂದ ೧೯೪೫ರವರೆಗೆ ಬರೆದವು ಅವು. ಎಲ್ಲರೂ ಆನೆಯ ಮೇಲಿರುವವರನ್ನು ನೋಡಿ ಮುಂದೆ ಹೋಗುತ್ತಾರೆ. ನಮ್ಮ ಮಕ್ಕಳು ಆನೆಯ ಕೆಳಗಿರುವವರನ್ನು ನೋಡಲಿ. ಮಾವುತ, ಕಾಲಾಳು, ವಾದ್ಯದವರು, ರಸ್ತೆಯ ಬದಿಯಲ್ಲಿ ಕತ್ತು ನೀಡಿ ನಿಂತ ಜನ. ಯಾರ ರುಮಾಲು ಹೇಗಿದೆ, ಯಾರ ಕಾಲಲ್ಲಿ ಮೆಟ್ಟಿದೆ, ಯಾರ ಕಾಲಲ್ಲಿ ಇಲ್ಲ, ಇವನ್ನು ಎಣಿಸಲಿ. ಒಬ್ಬೊಬ್ಬ ಹುಡುಗ, ಒಬ್ಬೊಬ್ಬ ಹುಡುಗಿ ಒಂದೊಂದು ಮುಖವನ್ನು ಆರಿಸಿಕೊಂಡು ಕಣ್ತುಂಬ ನೋಡಿ, ಹೊರಗೆ ಬಂದು ನೆನಪಿನಿಂದ ಬರೆಯಲಿ. ಅರ್ಧ ಗಂಟೆಯ ಈ ಕೆಲಸದಲ್ಲಿ ಚಿತ್ರಕಲೆಯ ಪಾಠವೂ ಉಂಟು, ಚರಿತ್ರೆಯ ಪಾಠವೂ ಉಂಟು.

ಆ ಅರಮನೆಗೆ ಕೆಲಸ ಮಾಡಿದ ಕೆ. ವೆಂಕಟಪ್ಪನವರ ಹೆಸರನ್ನೂ ಮಕ್ಕಳಿಗೆ ಹೇಳಬೇಕು. ಅರಮನೆಯ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಊಟಿಯ ಬೆಟ್ಟಗಳ ಮಂಜನ್ನು ನೀರುಬಣ್ಣದಲ್ಲಿ ಹಿಡಿದವರು. ಗುಂಡ್ಲುಪೇಟೆಯ ಮೇಲೆ ಹಾಯುವ ದಾರಿಯೇ ಆ ಬೆಟ್ಟಗಳಿಗೆ ದಾರಿ. ಅರಮನೆಗಾಗಿ ಉಬ್ಬುಚಿತ್ರಗಳನ್ನು ಮಾಡುತ್ತಿದ್ದಾಗ ೧೯೪೦ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ಆ ಕೆಲಸದ ವಿಷಯದಲ್ಲಿ ಅರಮನೆಗೂ ಅವರಿಗೂ ವ್ಯಾಜ್ಯವಾಗಿ, ಅದು ಕೋರ್ಟಿನ ಮೆಟ್ಟಿಲು ಹತ್ತಿತು. ಕಲಾವಿದನೂ ದುಡಿಯುವವನೇ, ತನ್ನ ದುಡಿಮೆಯ ಹಕ್ಕನ್ನು ಅರಮನೆಯ ಮುಂದೆಯೂ ಕೇಳಿದವನು ಅವನು ಎಂಬುದನ್ನು ನಮ್ಮ ಮಕ್ಕಳು ತಿಳಿಯಲಿ.

ಮುಂದಿನದು ಜಗನ್ಮೋಹನ ಅರಮನೆಯ ಚಿತ್ರಶಾಲೆ. ಆ ಕಟ್ಟಡ ೧೮೬೧ರಲ್ಲಿ ಆಯಿತು. ೧೯೦೭ರಲ್ಲಿ ಸಂಸ್ಥಾನದ ನ್ಯಾಯವಿಧಾಯಕ ಸಭೆ ಮೊದಲ ಬಾರಿಗೆ ಕೂಡಿದ್ದೂ ಅಲ್ಲಿಯೇ. ಉಳುವವನಿಗೆ ಆಗ ಅಲ್ಲಿ ಜಾಗವಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ೧೯೧೫ರಲ್ಲಿ ಅದು ಚಿತ್ರಶಾಲೆಯಾಯಿತು. ಅಲ್ಲಿ ರಾಜಾ ರವಿವರ್ಮರ ಚಿತ್ರಗಳಿವೆ. ರವಿವರ್ಮರು ದೊರೆಗಳಿಗಾಗಿ ಬರೆದವರು, ನಿಜ. ಆದರೆ ಅವರು ೧೮೯೪ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿದರು. ಆ ಪಟಗಳು ಊರೂರಿಗೆ, ಮನೆಮನೆಗೆ ಬಂದವು. ದೇವಸ್ಥಾನದ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ ಜನರ ಮಣ್ಣುಗೋಡೆಯ ಮೇಲೆ ಲಕ್ಷ್ಮಿ ಸರಸ್ವತಿಯರು ಬಂದು ಕುಳಿತರು. ಪೂಜಾರಿ ಬಿಡದ ದೇವರನ್ನು ಅಚ್ಚಿನ ಯಂತ್ರ ತಂದುಕೊಟ್ಟಿತು. ಯಂತ್ರ ಯಾರ ಕೈಯಲ್ಲಿದೆ, ಯಾರಿಗಾಗಿ ಓಡುತ್ತದೆ ಎಂಬುದರ ಮೇಲೆ ಕಲೆ ಯಾರದು ಎಂಬುದು ನಿಂತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅದೇ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಅಂಗೈಯನ್ನು ಮರೆಮಾಡಿ ದೀಪವನ್ನು ಕಾಪಾಡಿಕೊಂಡು ನಿಂತಿದ್ದಾಳೆ. ಬೆರಳುಗಳ ಸಂದಿನಿಂದ ಬೆಳಕು ಕೆಂಪಾಗಿ ಸೋರುತ್ತದೆ. ಇದನ್ನು ರವಿವರ್ಮರದು ಎಂದು ಹೇಳಿಕೊಂಡು ಬಂದ ಮೇಷ್ಟ್ರುಗಳು ಎಷ್ಟೋ ಮಂದಿ. ರವಿವರ್ಮರು ತೀರಿಕೊಂಡದ್ದು ೧೯೦೬ರಲ್ಲಿ. ಈ ಚಿತ್ರ ಸಾವಂತವಾಡಿಯ ಕಡೆಯ ಎಸ್. ಎಲ್. ಹಲ್ದನಕರ ಎಂಬ ಕಲಾವಿದರು ೧೯೪೫-೪೬ರ ಸುಮಾರಿಗೆ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ನೀರುಬಣ್ಣದಲ್ಲಿ ಬರೆದದ್ದು. ಒಬ್ಬನ ದುಡಿಮೆಗೆ ಇನ್ನೊಬ್ಬ ಹೆಸರುವಾಸಿಯ ಹೆಸರು ಅಂಟಿಕೊಳ್ಳುವುದು ಹೊಲದಲ್ಲಿ ಮಾತ್ರವಲ್ಲ, ಚಿತ್ರಶಾಲೆಯಲ್ಲಿಯೂ ನಡೆಯುತ್ತದೆ. ಮಕ್ಕಳಿಗೆ ಸರಿಯಾದ ಹೆಸರು ಹೇಳೋಣ. ಹೇಳಿದ ಮೇಲೆ ಕೇಳೋಣ: ಇಲ್ಲಿ ಕಲಾವಿದ ಬೆಳಕನ್ನು ಎಲ್ಲಿಂದ ತಂದ? ಸುತ್ತ ಕತ್ತಲೆ ಇಟ್ಟದ್ದರಿಂದಲ್ಲವೇ ನಡುವೆ ಬೆಳಕು ಬಂದದ್ದು? ಮನೆಯಲ್ಲಿ ಕರೆಂಟು ಹೋದಾಗ ಅವ್ವ ದೀಪ ಹಿಡಿದು ಬರುವುದನ್ನು ಕಂಡ ಮಗುವಿಗೆ ಇದು ತಟಕ್ಕನೆ ತಿಳಿಯುತ್ತದೆ.

ಇನ್ನು, ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಹೋಗದ ಒಂದು ಜಾಗಕ್ಕೆ ನಿಮ್ಮನ್ನು ಕರೆದೊಯ್ಯುತ್ತೇವೆ. ಅದು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ. ೧೯೦೫ರಲ್ಲಿ ಒಬ್ಬ ರಾಜಕುಮಾರಿಗಾಗಿ ಕಟ್ಟಿದ ಆ ಮಹಲಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇದೆ. ಅದು ೧೯೬೮ರಲ್ಲಿ ಆರಂಭವಾಯಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು, ಜೀ. ಶಂ. ಪರಮಶಿವಯ್ಯನವರು ಮೊದಲಾದವರು ಹಳ್ಳಿ ಹಳ್ಳಿ ತಿರುಗಿ ತಂದ ಸಾಮಾನುಗಳು ಅಲ್ಲಿವೆ. ನೇಗಿಲು, ಕೂರಿಗೆ, ಸೇರು, ಕೊಳಗ, ತೊಗಲುಗೊಂಬೆ, ಸೋಮನ ಮುಖ. ರಾಜಕುಮಾರಿಯ ಮಹಲಿನೊಳಗೆ ರೈತನ ನೇಗಿಲು ಹೋಗಿ ಕುಳಿತಿದೆ ಎಂದರೆ ಇದು ಸಣ್ಣ ಸಂಗತಿಯಲ್ಲ.

ಹಳ್ಳಿಯ ಮಗುವನ್ನು ಆ ನೇಗಿಲ ಮುಂದೆ ನಿಲ್ಲಿಸಿ. ಮೊದಲು ಅದು ನಗುತ್ತದೆ. ಇದು ನಮ್ಮ ಹಟ್ಟೀಲೂ ಅದೆ, ಇದನ್ಯಾಕೆ ಇಲ್ಲಿ ಮಡಗವ್ರೆ ಎನ್ನುತ್ತದೆ. ಆ ಪ್ರಶ್ನೆಯಿಂದಲೇ ಪಾಠ ಆರಂಭವಾಗಲಿ. ಈ ಮೇಣಿಗೆ ಇಷ್ಟೇ ಬಾಗು ಯಾಕೆ? ಕೂರಿಗೆಯ ಬಟ್ಟಲಿನಿಂದ ಕಾಳು ಸಮವಾಗಿ ಇಳಿಯುವುದು ಹೇಗೆ? ಯಾವ ಇಂಜಿನಿಯರು ಇದರ ನಕ್ಷೆ ಬರೆದ? ಹೆಸರಿಲ್ಲದ ಬಡಗಿ, ಹೆಸರಿಲ್ಲದ ಕಮ್ಮಾರ. ತನ್ನ ಅಪ್ಪ ಹಿಡಿಯುವ ವಸ್ತುವನ್ನು ವಿದ್ಯಾವಂತರು ಜೋಪಾನ ಮಾಡಿ ಇಟ್ಟಿದ್ದಾರೆ ಎಂದು ಕಂಡ ಮಗು, ಅಪ್ಪನ ವಿಷಯ ನಾಚಿಕೆ ಪಡುವುದನ್ನು ಬಿಡುತ್ತದೆ. ಅದಕ್ಕಿಂತ ದೊಡ್ಡ ಶಿಕ್ಷಣ ಯಾವುದು?

ನೇಗಿಲ ಮುಂದೆ ನಿಂತಾಗ ಇನ್ನೊಂದನ್ನೂ ಹೇಳಬೇಕು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಹೊಸ ತೆರಿಗೆಗಳ ಭಾರ ತಾಳಲಾರದೆ ಮೈಸೂರು ಸೀಮೆಯ ರೈತರು ದಂಗೆಯೆದ್ದರು. ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿದರೆ, ಈ ಊರು ಉಳುವುದಿಲ್ಲ, ತೆರುವುದಿಲ್ಲ ಎಂದು ಅರ್ಥ. ನಂಜನಗೂಡಿನ ಬಳಿ ಜಂಗಮರನ್ನು ಕರೆಸಿ ಕೊಲ್ಲಿಸಲಾಯಿತೆಂದೂ ಆಮೇಲೆ ದಂಗೆ ಅಡಗಿತೆಂದೂ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ತಾನು ಬರೆದ ಮೈಸೂರಿನ ಚರಿತ್ರೆಯಲ್ಲಿ ದಾಖಲು ಮಾಡಿದ್ದಾನೆ. ಗುಂಡ್ಲುಪೇಟೆಯ ಪರವಾಸುದೇವ ದೇವಸ್ಥಾನ ಅದೇ ಚಿಕ್ಕದೇವರಾಜರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಒಂದೇ ದೊರೆಯ ಕಾಲದಲ್ಲಿ ಕಲ್ಲಿನ ಕುಸುರಿಯೂ ಆಯಿತು, ರೈತನ ರಕ್ತವೂ ಹರಿಯಿತು. ಎರಡನ್ನೂ ಹೇಳಿದರೆ ಚರಿತ್ರೆ. ಒಂದನ್ನೇ ಹೇಳಿದರೆ ಹೊಗಳುಭಟರ ಕೆಲಸ.

ಕೊನೆಗೆ ಬಸ್ಸು ಐದು ನಿಮಿಷ ನಿಲ್ಲಬೇಕಾದ ಜಾಗ ರಾಮಸ್ವಾಮಿ ವೃತ್ತ. ಅಲ್ಲಿ ಟಿಕೀಟಿಲ್ಲ, ಐಸ್‌ಕ್ರೀಮಿಲ್ಲ. ೧೯೪೭ರ ಸೆಪ್ಟೆಂಬರಿನಲ್ಲಿ, ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿದ್ದರೂ ಮೈಸೂರಿನ ಪ್ರಜೆಗಳಿಗೆ ಅಧಿಕಾರ ಬಾರದಿದ್ದಾಗ, 'ಮೈಸೂರು ಚಲೋ' ಚಳವಳಿ ನಡೆಯಿತು. ರಾಮಸ್ವಾಮಿ ಎಂಬ ವಿದ್ಯಾರ್ಥಿ ಅಲ್ಲಿ ಗುಂಡಿಗೆ ಬಲಿಯಾದ. ಅಕ್ಟೋಬರ್ ತಿಂಗಳಲ್ಲಿ ಜವಾಬ್ದಾರಿ ಸರ್ಕಾರ ಬಂತು. ಅರಮನೆಯ ಬಾಗಿಲು ನಮ್ಮ ಮಕ್ಕಳಿಗೆ ತೆರೆದದ್ದು ಇಂಥವರಿಂದ. ಅವನೂ ಶಾಲೆಗೆ ಹೋಗುತ್ತಿದ್ದ ಹುಡುಗ ಎಂಬುದನ್ನು ಮಕ್ಕಳು ಮರೆಯುವುದಿಲ್ಲ.

ಮಿತ್ರರೇ, ಮೈಸೂರಿಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸ ಒಂದುಂಟು. ನಮ್ಮ ಮಕ್ಕಳ ಕೈಗೆ ಸೀಸದಕಡ್ಡಿ ಕೊಟ್ಟು ಚಿತ್ರ ಬರೆಯಿರಿ ಎನ್ನಿ. ಎಲ್ಲರೂ ಒಂದೇ ಚಿತ್ರ ಬರೆಯುತ್ತಾರೆ. ಎರಡು ಮೂರುಮೂಲೆಯ ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ನದಿ. ಕಿಟಕಿಯಿಂದ ಹೊರಗೆ ನೋಡಿದರೆ ಗೋಪಾಲಸ್ವಾಮಿ ಬೆಟ್ಟ ಮೋಡ ಹೊದ್ದು ಮಲಗಿದೆ, ಅದು ಮೂರುಮೂಲೆಯಾಗಿಲ್ಲ. ಕಣ್ಣೆದುರಿಗೆ ಚೆಂಡುಹೂವಿನ ಹೊಲ, ಅರಿಸಿನದ ಕಣ. ಆ ಹೂವನ್ನೂ ಅರಿಸಿನವನ್ನೂ ಬಣ್ಣಕ್ಕೆಂದೇ ಹೊರಗಿನವರು ಕೊಳ್ಳುತ್ತಾರೆ. ಚಾಮರಾಜನಗರದ ಕರಿಕಲ್ಲು ಕಡಲಾಚೆಗೆ ಹೋಗಿ ಹೊಳಪು ಪಡೆಯುತ್ತದೆ. ಬಣ್ಣ ನಮ್ಮದು, ಕಲ್ಲು ನಮ್ಮದು, ಅಗೆಯುವ ಕೈ ನಮ್ಮದು. ಬಣ್ಣ ಹಚ್ಚುವ ಕೈ, ಶಿಲ್ಪ ಕಡೆಯುವ ಕೈ ಮಾತ್ರ ನಮ್ಮದಾಗಿಲ್ಲ. ನಮ್ಮ ಮಗು ಇವನ್ನೆಲ್ಲ ಬಿಟ್ಟು ಯಾರದೋ ಪುಸ್ತಕದ ಗುಡ್ಡ ಬರೆಯುತ್ತದೆ.

ಆದುದರಿಂದ ಪ್ರವಾಸ ಊರಿನಿಂದಲೇ ಆರಂಭವಾಗಲಿ. ಚಾಮರಾಜನಗರದ ಹತ್ತಿರ ನರಸಮಂಗಲದಲ್ಲಿ ಗಂಗರ ಕಾಲದ ಗುಡಿಯ ಶಿಖರದ ಮೇಲೆ ಗಾರೆಯ ಬೊಂಬೆಗಳಿವೆ. ಅಷ್ಟು ಹಳೆಯ ಗಾರೆಕೆಲಸ ಈ ನಾಡಿನಲ್ಲಿ ಅಪರೂಪ. ಗುಂಡ್ಲುಪೇಟೆಯಲ್ಲಿ ವಿಜಯನಾರಾಯಣ ಗುಡಿ ಇದೆ, ಪಕ್ಕದಲ್ಲಿ ತೆರಕಣಾಂಬಿ, ತ್ರಿಯಂಬಕಪುರಗಳಿವೆ. ಅರಿಕುಠಾರ ಎಂದಿದ್ದ ಊರಿಗೆ ೧೮೧೮ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜರು ೧೮೨೬ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನವಿದೆ. ಕಂಸಾಳೆಯವರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ನಮ್ಮ ನಡುವೆಯೇ ಇದ್ದಾರೆ. ನಡೆದು ಹೋಗಿ ನೋಡುವುದಕ್ಕೆ ದುಡ್ಡು ಬೇಡ. ಇವನ್ನು ನೋಡಿ ಕಣ್ಣು ಪಳಗಿದ ಮಗು ಮೈಸೂರಿನಲ್ಲಿ ಕಂಗಾಲಾಗುವುದಿಲ್ಲ.

ಈಗ ಮಾಡಬೇಕಾದುದೇನು? ಬರಿಯ ದೂರು ಹೇಳಿ ಹೋಗುವುದು ನಮ್ಮ ಪದ್ಧತಿಯಲ್ಲ. ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು. ದುಡ್ಡಿಲ್ಲವೆಂದು ಒಂದು ಮಗುವೂ ಹಿಂದೆ ಉಳಿಯಕೂಡದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಎಂದು ಹೇಳಿದೆ. ಪ್ರವಾಸ ಶಿಕ್ಷಣವೇ ಆಗಿದ್ದರೆ ಅದೂ ಉಚಿತವಾಗಬೇಕು. ಶಿಕ್ಷಣವಲ್ಲ, ಮೋಜು ಎಂದಾದರೆ ಶಾಲೆಯ ಹೆಸರಿನಲ್ಲಿ ಮಾಡಕೂಡದು. ಸರ್ಕಾರದ ಕರ್ನಾಟಕ ದರ್ಶನದಂಥ ಯೋಜನೆಗಳಲ್ಲಿ ತಾಲ್ಲೂಕಿಗೆ ಇಷ್ಟು ಮಕ್ಕಳೆಂದು ಆಯುತ್ತಾರೆ. ಆಯ್ಕೆ ಎಂದರೆ ಉಳಿದವರನ್ನು ಬಿಡುವುದು ಎಂದೇ ಅರ್ಥ. ತರಗತಿಗೆ ತರಗತಿಯೇ ಹೋಗುವಷ್ಟು ಅನುದಾನ ಬೇಕೆಂದು ನಾವು ಒತ್ತಾಯ ಮಾಡುತ್ತೇವೆ. ಅದು ಬರುವವರೆಗೆ, ಎಲ್ಲರೂ ಹೋಗಲಾಗದ ಪ್ರವಾಸ ಬೇಡ ಎಂದು ಶಾಲಾಭಿವೃದ್ಧಿ ಸಮಿತಿಗಳು ಠರಾವು ಮಾಡಲಿ. ನೂರು ಕಿಲೋಮೀಟರು ಹತ್ತು ಮಕ್ಕಳು ಹೋಗುವುದಕ್ಕಿಂತ ಹತ್ತು ಕಿಲೋಮೀಟರು ನೂರು ಮಕ್ಕಳು ಹೋಗುವುದು ಮೇಲು.

ಎರಡನೆಯದು. ಬಾಡಿಗೆಯ ಬಣ್ಣದ ಬಸ್ಸೇ ಬೇಕೆಂಬ ಹಟ ಬಿಡೋಣ. ೨೦೨೩ರ ಜೂನ್ ತಿಂಗಳಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ತರಗತಿಯ ಅರ್ಧ ಮಂದಿಗೆ ದಾರಿಖರ್ಚೇ ಇಲ್ಲದಂತಾಯಿತು. ಚಾಮರಾಜನಗರದವರಿಗೆ ರೈಲು ಇನ್ನೂ ಅಗ್ಗ. "ಅಷ್ಟು ದೂರ ಯಾಕೆ" ಎನ್ನುವ ಮನೆಗಳಲ್ಲಿ ತಾಯಂದಿರನ್ನೇ ಜೊತೆಗೆ ಕರೆಯೋಣ. ಅವರಿಗೂ ಟಿಕೀಟಿಲ್ಲ, ಅವರೂ ಚಿತ್ರಶಾಲೆಯನ್ನು ನೋಡಿದವರಲ್ಲ.

ಮೂರನೆಯದು. ಒಂದು ದಿನಕ್ಕೆ ಮೂರು ಜಾಗ ಸಾಕು. ಎಲ್ಲಿ ಯಾವಾಗ ರಜೆ, ಎಲ್ಲಿ ದುರಸ್ತಿ ನಡೆದಿದೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಪ್ರತಿ ಮಗುವಿನ ಕೈಯಲ್ಲಿ ಕಾಗದ, ಸೀಸದಕಡ್ಡಿ ಇರಬೇಕು. ಬಂದ ಮೇಲೆ ಮಕ್ಕಳ ಚಿತ್ರಗಳನ್ನು ಪಂಚಾಯಿತಿ ಕಟ್ಟಡದಲ್ಲೋ ಅರಳಿಕಟ್ಟೆಯಲ್ಲೋ ತೂಗುಹಾಕಿ ಊರಿಗೆಲ್ಲ ತೋರಿಸಬೇಕು. ಮೆಕ್ಸಿಕೋ ದೇಶದಲ್ಲಿ ಕ್ರಾಂತಿಯ ನಂತರ ೧೯೨೦ರ ದಶಕದಲ್ಲಿ ಡಿಯೇಗೋ ರಿವೇರಾ ಮೊದಲಾದ ಕಲಾವಿದರು ಸರ್ಕಾರಿ ಕಟ್ಟಡಗಳ ಗೋಡೆಗಳ ಮೇಲೆಯೇ ರೈತರ, ಕೂಲಿಗಳ ಚಿತ್ರ ಬರೆದರು. ಓದು ಬಾರದವರೂ ನಿಂತು ನೋಡಿದರು. ನಮ್ಮ ಶಾಲೆಯ ಗೋಡೆಗಳು ಖಾಲಿ ಬಿದ್ದಿವೆ.

ನಾಲ್ಕನೆಯದು. ಚಿತ್ರಕಲೆಯ ಉಪಾಧ್ಯಾಯರಿಲ್ಲದೆ ಇದಾವುದೂ ನಿಲ್ಲದು. ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಯ ಪೀರಿಯಡ್ಡಿನಲ್ಲಿ ಗಣಿತ ನಡೆಯುತ್ತದೆ. ಚಿತ್ರಕಲೆಯ ಲೋಯರ್, ಹೈಯರ್ ಪರೀಕ್ಷೆಗಳಿವೆ; ಹಳ್ಳಿಯ ಮಗುವಿಗೆ ಅವು ಇವೆಯೆಂದೇ ಗೊತ್ತಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತು ಬಂದವರು ಕೆಲಸವಿಲ್ಲದೆ ಬೋರ್ಡು ಬರೆದು ಹೊಟ್ಟೆ ಹೊರೆಯುವಂತಾಗಬಾರದು. ಒಂದು ಕಡೆ ಮೇಷ್ಟ್ರಿಲ್ಲದ ಶಾಲೆ, ಇನ್ನೊಂದು ಕಡೆ ಶಾಲೆಯಿಲ್ಲದ ಮೇಷ್ಟ್ರು. ಇವೆರಡನ್ನು ಕೂಡಿಸುವುದಕ್ಕೆ ಸರ್ಕಾರಕ್ಕೆ ಬೇಕಾದದ್ದು ಮನಸ್ಸು. ಸೋಲಿಗರ ಹಾಡಿಯ ಶಾಲೆಗಳಿಂದ ಈ ನೇಮಕ ಆರಂಭವಾಗಲಿ. ಯಾವಾಗಲೂ ಕೊನೆಗೆ ತಲುಪುವವರಿಗೆ ಈ ಒಂದು ಸಲ ಮೊದಲು ತಲುಪಲಿ.

ಐದನೆಯದು. ಮಕ್ಕಳು ಮಾತ್ರ ಮೈಸೂರಿಗೆ ಹೋಗಬೇಕೆಂದು ಯಾರು ಬರೆದಿಟ್ಟರು? ಮೈಸೂರು ಕೂಡ ಇತ್ತ ಬರಲಿ. ೧೯೯೭ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಜೀಪುಗಳು ಬಂದವು. ವಸ್ತುಸಂಗ್ರಹಾಲಯದ ಒಂದಷ್ಟು ವಸ್ತುಗಳು, ದೊಡ್ಡ ಚಿತ್ರಗಳ ಒಳ್ಳೆಯ ಅಚ್ಚುಪ್ರತಿಗಳು, ಕನ್ನಡದಲ್ಲಿ ವಿವರ ಬರೆದ ಫಲಕಗಳು, ವಿವರಿಸಬಲ್ಲ ಒಬ್ಬರು, ಇಷ್ಟನ್ನು ಹೊತ್ತ ಒಂದು ವಾಹನ ವರ್ಷಕ್ಕೊಮ್ಮೆ ಹೋಬಳಿ ಹೋಬಳಿಗೆ ಬಂದರೆ ಬೊಕ್ಕಸ ಬರಿದಾಗುವುದಿಲ್ಲ.

ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಭೂಮಿಗಾಗಿ ಎದ್ದು ನಿಂತಾಗ ಕೇಳಿದ್ದು ನೆಲವನ್ನು ಮಾತ್ರವಲ್ಲ, ಮಾನವನ್ನೂ ಕೂಡ. ನೆಲ ಉಳುವವನದು ಎಂಬ ಮಾತು ಕಾನೂನಾಯಿತು. ಅರಮನೆ ಕಟ್ಟಿದವನದು, ಚಿತ್ರ ನೋಡುವವನದು, ಲೋಕ ಕಣ್ಣು ತೆರೆದವನದು ಎಂಬ ಮಾತೂ ಒಂದು ದಿನ ನಡೆದೇ ನಡೆಯುತ್ತದೆ. ಆ ದಿನವನ್ನು ಹತ್ತಿರ ತರುವುದಕ್ಕೆ ದೊಡ್ಡ ಸಾಹಸ ಬೇಕಿಲ್ಲ. ಈ ವರ್ಷ ನಿಮ್ಮ ಶಾಲೆಯಲ್ಲಿ ಪ್ರವಾಸದ ಪಟ್ಟಿ ತಯಾರಾದಾಗ ಹೋಗಿ ಅದನ್ನು ಕೇಳಿ ಓದಿ. ಯಾರ ಹೆಸರಿದೆ ಎಂದು ನೋಡಬೇಡಿ. ಯಾರ ಹೆಸರಿಲ್ಲ ಎಂದು ನೋಡಿ. ಆ ಹೆಸರುಗಳನ್ನು ಒಂದೊಂದಾಗಿ ಸಭೆಯಲ್ಲಿ ಕೂಗಿ ಹೇಳಿ, ಎಲ್ಲವೂ ಪಟ್ಟಿಗೆ ಸೇರುವವರೆಗೆ ಅಲ್ಲಿಂದ ಏಳಬೇಡಿ. ಉಪಾಧ್ಯಾಯ ಮಿತ್ರರು ನಿಮ್ಮ ಜೊತೆ ನಿಲ್ಲುತ್ತಾರೆ, ಪಕ್ಷವೂ ನಿಲ್ಲುತ್ತದೆ.